ಹಲವು ಕೈಗಳು, ಒಂದು ಸೂಚಕ: ಫೋರ್ಟ್ರಾನ್ ಭಾಷೆಯ ಚರಿತ್ರೆಯಲ್ಲಿ ಒಂದು ಸಮಸ್ಯೆ

೧. ಪೀಠಿಕೆ

ಬೆಳಗಾವಿ ಜಿಲ್ಲೆಯ ಅಥಣಿ ತಾಲೂಕಿಗೆ ಸೇರಿದ ಸತ್ತಿಯು ಕೃಷ್ಣಾ ನದಿಯ ದಂಡೆಗೆ ಹತ್ತಿದ ಊರುಗಳಲ್ಲಿ ಒಂದು. ೨೦೦೫ರಲ್ಲಿ ಒಮ್ಮೆ, ೨೦೧೯ರ ಆಗಸ್ಟ್ ತಿಂಗಳಿನಲ್ಲಿ ಮತ್ತೊಮ್ಮೆ ಕೃಷ್ಣೆಯು ಮೇರೆ ಮೀರಿ ಹರಿದಾಗ ಈ ದಂಡೆಯ ಜನರು ದನಕರುಗಳೊಡನೆ ಎತ್ತರದ ಸ್ಥಳಗಳಿಗೆ ತೆರಳಬೇಕಾಯಿತು. ಸಹ್ಯಾದ್ರಿಯ ನೆತ್ತಿಯಲ್ಲಿ ಎಷ್ಟು ಮಳೆ ಬೀಳುವುದು, ಅದು ಯಾವಾಗ ಕೆಳಗಿನ ಬಯಲಿಗೆ ಬಂದು ಮುಟ್ಟುವುದು ಎಂಬ ಪ್ರಶ್ನೆಯು ಇಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆ. ಹಿಂದೆ ಇದಕ್ಕೆ ಉತ್ತರವನ್ನು ಮುಗಿಲು ನೋಡಿ ಹೇಳುತ್ತಿದ್ದರು. ಇಂದು ಅದನ್ನು ಗಣಕಯಂತ್ರದ ಲೆಕ್ಕದಿಂದ ಹೇಳುತ್ತಾರೆ. ಆ ಲೆಕ್ಕದ ಬಹುಭಾಗವನ್ನು ಬರೆದಿರುವುದು ಫೋರ್ಟ್ರಾನ್ ಎಂಬ ಭಾಷೆಯಲ್ಲಿ.

ಇತಿಹಾಸದ ಅಧ್ಯಾಪಕರಾದ ನಮಗೆ ಈ ವಿಷಯದಲ್ಲಿ ಏನು ಅಧಿಕಾರವಿದೆಯೆಂದು ಓದುಗರು ಕೇಳಬಹುದು. ದಾಖಲೆಯೊಂದನ್ನು ಯಾರು ಬರೆದರು, ಯಾವ ಕ್ರಮದಲ್ಲಿ ತಿದ್ದಿದರು, ತಿದ್ದುವ ಹೊತ್ತಿನಲ್ಲಿ ಅದನ್ನು ಓದಿದವರಿಗೆ ಏನು ಕಂಡಿತು ಎಂಬುದನ್ನು ವಿಚಾರಿಸುವುದೇ ನಮ್ಮ ಕಸಬು. ಒಂದೇ ಫೋರ್ಟ್ರಾನ್ ಪ್ರೋಗ್ರಾಮಿನೊಳಗೆ ಹಲವು ‘ಎಳೆ’ಗಳು, ಅಂದರೆ ಥ್ರೆಡ್ಡುಗಳು, ಒಟ್ಟಿಗೆ ದುಡಿಯುವಾಗ ಅವೆಲ್ಲಕ್ಕೂ ಸೇರಿದ ಒಂದು ‘ಸೂಚಕ’ವನ್ನು, ಅಂದರೆ ಪಾಯಿಂಟರನ್ನು, ಅಪಾಯವಿಲ್ಲದೆ ಬದಲಿಸುವುದು ಹೇಗೆ ಎಂಬ ಪ್ರಶ್ನೆಯು ತಿರುಳಿನಲ್ಲಿ ಇದೇ ವಿಚಾರಣೆ.

ಬಹುಮಂದಿ ಇದನ್ನು ೨೦೦೫ರ ಸುಮಾರಿಗೆ ಮೇಜಿನ ಮೇಲಿನ ಗಣಕಗಳಿಗೂ ಎರಡು ತಿರುಳುಗಳ ಪ್ರೊಸೆಸರುಗಳು ಬಂದ ಮೇಲೆ ಹುಟ್ಟಿದ ಸಮಸ್ಯೆಯೆಂದು ಬಗೆಯುತ್ತಾರೆ. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಫೋರ್ಟ್ರಾನಿಗೆ ಸೂಚಕವನ್ನು ಕೊಟ್ಟವರು ಒಂದು ಮಂಡಲಿಯವರು. ಹಂಚಿಕೆಯ ಸ್ಮೃತಿಯ ವಿಧಿಗಳನ್ನು ಕೊಟ್ಟವರು ಇನ್ನೊಂದು ಮಂಡಲಿಯವರು. ಅವೆರಡೂ ಕೂಡುವ ಸಂದಿಯನ್ನು ಬಹುಕಾಲ ಪ್ರೋಗ್ರಾಮು ಬರೆಯುವವನ ವಿವೇಕಕ್ಕೇ ಬಿಡಲಾಯಿತು. ಸಮಸ್ಯೆಯ ಮೂಲ ಅಲ್ಲಿದೆ. ಅದರ ಪರಿಹಾರಗಳಲ್ಲಿ ಉತ್ತಮವಾದ ಒಂದು ಫೋರ್ಟ್ರಾನಿನ ಹಳೆಯ ರೂಢಿಯಲ್ಲಿಯೇ ಇತ್ತೆಂಬುದನ್ನೂ ತೋರಿಸಲು ಈ ಲೇಖನದಲ್ಲಿ ಪ್ರಯತ್ನಿಸುತ್ತೇವೆ.

೨. ಪರಿಚಿತವಾದ ಒಂದು ದಾಖಲೆ

ಮೊದಲು ನಮ್ಮ ಭಾಗದವರೆಲ್ಲರೂ ಬಲ್ಲ ದಾಖಲೆಯೊಂದನ್ನು ನೋಡೋಣ. ಉತಾರ ಎಂದರೇನೆಂದು ಇಲ್ಲಿಯ ರೈತನಿಗೆ ಹೇಳಬೇಕಾಗಿಲ್ಲ. ಹೊಲದ ಸರ್ವೆ ನಂಬರು ಯಾವುದು, ಕ್ಷೇತ್ರ ಎಷ್ಟು ಎಕರೆ ಎಷ್ಟು ಗುಂಟೆ, ಹಕ್ಕು ಯಾರದು ಎಂಬುದನ್ನು ಅದು ತೋರಿಸುತ್ತದೆ. ಹೊಲವು ಇದ್ದಲ್ಲಿಯೇ ಇರುತ್ತದೆ. ಕೈ ಬದಲಾಯಿಸುವುದು ಕಾಗದದ ಮೇಲಿನ ಸೂಚನೆ. ಗಣಕದ ಸೂಚಕವೂ ಇಂಥದೇ. ಸಂಖ್ಯೆಗಳ ರಾಶಿಯೊಂದು ಸ್ಮೃತಿಯಲ್ಲಿ ಎಲ್ಲಿದೆ, ಅದರ ಉದ್ದಗಲವೆಷ್ಟು ಎಂಬುದನ್ನು ಅದು ಹೇಳುತ್ತದೆ. ಸೂಚಕವನ್ನು ಬದಲಿಸಿದರೆ ರಾಶಿಯು ಅಲುಗುವುದಿಲ್ಲ. ಆದರೆ ಮುಂದೆ ಓದುವವರೆಲ್ಲರೂ ಬೇರೊಂದು ರಾಶಿಯ ಕಡೆಗೆ ಹೋಗುತ್ತಾರೆ.

ಮುಂಬಯಿ ಆಧಿಪತ್ಯದಲ್ಲಿ ಹಕ್ಕುದಾಖಲೆಯ ಪದ್ಧತಿಯು ೧೯೦೩ರ ಶಾಸನದಿಂದ ಬಂದಿತು. ೧೯೧೩ರಲ್ಲಿ ಅದನ್ನು ಕಂದಾಯ ಸಂಹಿತೆಯೊಳಗೆ ಸೇರಿಸಲಾಯಿತು. ಅದರಲ್ಲಿ ಹಕ್ಕು ಬದಲಾದರೆ ಮೂಲ ದಾಖಲೆಯನ್ನು ಒಮ್ಮೆಲೇ ತಿದ್ದುತ್ತಿರಲಿಲ್ಲ. ಬದಲಾವಣೆಯನ್ನು ಮೊದಲು ಬೇರೊಂದು ವಹಿಯಲ್ಲಿ ಬರೆಯಬೇಕು; ಚಾವಡಿಯಲ್ಲಿ ಅದರ ಪ್ರತಿಯನ್ನು ಹಚ್ಚಬೇಕು; ತಕರಾರುಗಳಿದ್ದರೆ ಕೇಳಬೇಕು; ಅಧಿಕಾರವುಳ್ಳವನೊಬ್ಬನು ದೃಢೀಕರಿಸಿದ ಮೇಲೆಯೇ ಅದು ಹಕ್ಕುದಾಖಲೆಗೆ ಸೇರಬೇಕು. ಈ ಕ್ರಮದಲ್ಲಿ ಮೂರು ತತ್ತ್ವಗಳಿವೆ. ಹೊಸದನ್ನು ಬೇರೆ ಕಡೆ ಪೂರ್ತಿ ಸಿದ್ಧಪಡಿಸುವುದು ಮೊದಲನೆಯದು. ಒಂದೇ ಕೈಯಿಂದ, ಒಂದೇ ಹೆಜ್ಜೆಯಲ್ಲಿ ಜಾರಿಗೆ ತರುವುದು ಎರಡನೆಯದು. ಹೊಸದು ನೆಲೆಗೊಳ್ಳುವವರೆಗೆ ಹಳೆಯದನ್ನು ಅಳಿಸದಿರುವುದು ಮೂರನೆಯದು.

ಕರ್ನಾಟಕ ಸರಕಾರವು ೨೦೦೦ದ ಸುಮಾರಿಗೆ ‘ಭೂಮಿ’ ಯೋಜನೆಯ ಮೂಲಕ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ ಅರ್ಜಿಗಳನ್ನು ಬಂದ ಸರತಿಯಲ್ಲಿಯೇ ಇತ್ಯರ್ಥಗೊಳಿಸಬೇಕೆಂಬ ಕಟ್ಟು ಮಾಡಿತು. ಕೈಬರಹದ ಪ್ರತಿಗಳ ಮಾನ್ಯತೆಯನ್ನೂ ತೆಗೆದುಹಾಕಿತು. ಎರಡು ಕಡೆ ಬರೆಯುವ ಎರಡು ಕೈಗಳಿದ್ದರೆ ಯಾವುದು ನಿಜವೆಂದು ನಿರ್ಣಯಿಸಲಾಗದು ಎಂಬ ಅನುಭವವೇ ಇದರ ಹಿಂದಿನ ಕಾರಣ. ಮೇಲ್ಕಂಡ ಮೂರು ತತ್ತ್ವಗಳನ್ನು ಓದುಗರು ನೆನಪಿನಲ್ಲಿಡಬೇಕು. ಫೋರ್ಟ್ರಾನಿನ ಚರಿತ್ರೆಯಲ್ಲಿ ಅವು ಮತ್ತೆ ಮತ್ತೆ ಕಾಣಿಸುತ್ತವೆ.

೩. ಒಂಟಿ ಎಳೆಯ ಕಾಲ

ಜಾನ್ ಬ್ಯಾಕಸ್ ಅವರೂ ಅವರ ಸಂಗಡಿಗರೂ ಐಬಿಎಂ ಸಂಸ್ಥೆಯಲ್ಲಿ ರೂಪಿಸಿದ ಫೋರ್ಟ್ರಾನ್ ೧೯೫೭ರಲ್ಲಿ ಐಬಿಎಂ ೭೦೪ ಯಂತ್ರಕ್ಕಾಗಿ ಹೊರಬಂದಿತು. ಮರುವರ್ಷದ ಎರಡನೆಯ ಆವೃತ್ತಿಯಲ್ಲಿ ಉಪವಿಧಿಗಳೂ, ಅವುಗಳೆಲ್ಲ ಕೂಡಿ ಬಳಸಬಹುದಾದ ‘ಕಾಮನ್’ ಎಂಬ ಹಂಚಿಕೆಯ ಸ್ಮೃತಿಭಾಗವೂ ಬಂದವು. ಹಂಚಿಕೆ ಎಂಬುದು ಫೋರ್ಟ್ರಾನಿಗೆ ಅಷ್ಟು ಹಳೆಯದು. ಆದರೆ ಆಗ ಯಂತ್ರದಲ್ಲಿ ದುಡಿಯುತ್ತಿದ್ದ ಕೈ ಒಂದೇ. ಒಂದು ಉಪವಿಧಿಯು ಮುಗಿದ ಮೇಲೆ ಇನ್ನೊಂದು ನಡೆಯುತ್ತಿತ್ತು. ಆದುದರಿಂದ ಹಂಚಿಕೆಯಲ್ಲಿ ಅಪಾಯವಿರಲಿಲ್ಲ.

ಆ ಕಾಲದ ಭಾಷೆಯಲ್ಲಿ ಸೂಚಕವಿರಲಿಲ್ಲ. ೧೯೬೬ರ ಪ್ರಮಾಣಿತ ರೂಪದಲ್ಲಿಯೂ, ಫೋರ್ಟ್ರಾನ್ ೭೭ ಎಂದು ಪ್ರಸಿದ್ಧವಾದ ಮುಂದಿನ ರೂಪದಲ್ಲಿಯೂ ಅದು ಕಾಣುವುದಿಲ್ಲ. ಸರಪಳಿಯಂಥ ಪಟ್ಟಿಯನ್ನು ಕಟ್ಟಬೇಕಾದವರು ಒಂದು ಉಪಾಯ ಮಾಡುತ್ತಿದ್ದರು. ಎರಡು ಶ್ರೇಣಿಗಳನ್ನು ಇಟ್ಟುಕೊಂಡು ಒಂದರಲ್ಲಿ ಮಾಹಿತಿಯನ್ನೂ ಇನ್ನೊಂದರಲ್ಲಿ ಮುಂದಿನ ಅಂಶದ ಕ್ರಮಾಂಕವನ್ನೂ ಬರೆಯುತ್ತಿದ್ದರು. ಸೂಚಕದ ಕೆಲಸವನ್ನು ಒಂದು ಸಾದಾ ಪೂರ್ಣಾಂಕವೇ ಮಾಡುತ್ತಿತ್ತು. ವಿ. ರಾಜಾರಾಮನ್ ಅವರ ಪಠ್ಯಪುಸ್ತಕಗಳಿಂದ ಫೋರ್ಟ್ರಾನ್ ಕಲಿತ ನಮ್ಮ ದೇಶದ ಹಲವು ತಲೆಮಾರುಗಳ ವಿದ್ಯಾರ್ಥಿಗಳಿಗೆ ಶ್ರೇಣಿ ಮತ್ತು ಕ್ರಮಾಂಕಗಳ ಈ ಲೋಕ ಚಿರಪರಿಚಿತ. ಇದನ್ನು ಬಡತನದ ಉಪಾಯವೆಂದು ಮುಂದಿನವರು ಎಣಿಸಿದರು. ಈ ಎಣಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಮುಂದೆ ನೋಡೋಣ.

೪. ಬೀಗದ ಹುಟ್ಟು

ಹಲವು ಕೈಗಳ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿದವರು ಹಾಲೆಂಡಿನ ಎಡ್ಸ್ಗರ್ ಡೈಕ್ಸ್ಟ್ರಾ. ಎರಡು ಕೆಲಸಗಾರರ ಮಟ್ಟಿಗೆ ಡೆಕ್ಕರ್ ಎಂಬ ಗಣಿತಜ್ಞರು ಕಂಡುಕೊಂಡಿದ್ದ ಉತ್ತರವನ್ನು ಅವರು ೧೯೬೫ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಎಷ್ಟೇ ಮಂದಿಗಾದರೂ ಅನ್ವಯಿಸುವಂತೆ ವಿಸ್ತರಿಸಿದರು. ಪ್ರೋಗ್ರಾಮಿನ ಕೆಲವು ಭಾಗಗಳನ್ನು ಒಂದು ಹೊತ್ತಿಗೆ ಒಬ್ಬನೇ ಪ್ರವೇಶಿಸಬೇಕು; ಉಳಿದವರು ಹೊರಗೆ ಕಾಯಬೇಕು; ಆದರೆ ಯಾರೂ ಯಾರಿಗಾಗಿಯೂ ಕೊನೆಯಿಲ್ಲದೆ ಕಾಯುವಂತಾಗಬಾರದು. ಇದು ಅವರು ಮುಂದಿಟ್ಟ ಪ್ರಶ್ನೆಯ ಸಾರ.

೧೯೭೦ರ ದಶಕದಲ್ಲಿ ಐಬಿಎಂ ಸಂಸ್ಥೆಯ ೩೭೦ ಮಾಲೆಯ ಯಂತ್ರಗಳಲ್ಲಿ ‘ಹೋಲಿಸಿ ಬದಲಿಸು’ ಎಂಬ ಆಜ್ಞೆಯೊಂದು ಬಂದಿತು. ಸ್ಮೃತಿಯ ಒಂದು ಮನೆಯಲ್ಲಿ ನಾವು ಹಿಂದೆ ಓದಿದ ಬೆಲೆಯೇ ಇನ್ನೂ ಇದ್ದರೆ ಮಾತ್ರ ಹೊಸದನ್ನು ಬರೆ. ನಡುವೆ ಇನ್ನಾರಾದರೂ ಬದಲಿಸಿದ್ದರೆ ಬರೆಯದೆ ತಿಳಿಸು ಎಂದು ಅದರ ಅರ್ಥ. ಓದುವುದು, ಹೋಲಿಸುವುದು, ಬರೆಯುವುದು ಈ ಮೂರೂ ಒಡೆಯಲಾಗದ ಒಂದೇ ಹೆಜ್ಜೆಯಾಗಿ ನಡೆಯುತ್ತವೆ. ಇಂಥ ಆಜ್ಞೆಯೊಂದಿದ್ದರೆ ಬೀಗವಿಲ್ಲದೆಯೂ ಎಷ್ಟೇ ಕೆಲಸಗಾರರನ್ನು ಹೊಂದಿಸಬಹುದೆಂದು ಮಾರಿಸ್ ಹರ್ಲಿಹಿ ೧೯೯೧ರಲ್ಲಿ ಸಾಧಿಸಿ ತೋರಿಸಿದರು.

ಫೋರ್ಟ್ರಾನಿನವರಿಗೆ ಹಲವು ಕೈಗಳ ಅನುಭವವಾದುದು ಕ್ರೇ ಸಂಸ್ಥೆಯ ಯಂತ್ರಗಳಿಂದ. ೧೯೮೨ರಲ್ಲಿ ಹೊರಬಂದ ಕ್ರೇ ಎಕ್ಸ್-ಎಂಪಿ ಯಂತ್ರದಲ್ಲಿ ಒಂದಕ್ಕಿಂತ ಹೆಚ್ಚು ಪ್ರೊಸೆಸರುಗಳು ಒಂದೇ ಸ್ಮೃತಿಯನ್ನು ಬಳಸುತ್ತಿದ್ದವು. ಕೆಲಸವನ್ನು ಹಂಚಲು, ಬೀಗ ಹಾಕಲು, ತೆಗೆಯಲು ಕ್ರೇ ಫೋರ್ಟ್ರಾನಿನಲ್ಲಿ ಉಪವಿಧಿಗಳಿದ್ದವು. ಭಾಷೆಯ ಪ್ರಮಾಣದಲ್ಲಿಲ್ಲದ ಒಂದು ಬಗೆಯ ಸೂಚಕವನ್ನೂ ಅದರ ಕಂಪೈಲರು ಒಪ್ಪುತ್ತಿತ್ತು. ಅದಕ್ಕೆ ‘ಕ್ರೇ ಸೂಚಕ’ ಎಂಬ ಹೆಸರು ಇಂದಿಗೂ ಉಳಿದಿದೆ. ಹೀಗೆ ಸೂಚಕವೂ ಹಂಚಿಕೆಯೂ ಒಂದೇ ಸೂರಿನ ಕೆಳಗೆ ಬಂದವು. ಆದರೆ ಅದು ಒಂದು ಸಂಸ್ಥೆಯ ಮನೆಯೊಳಗಿನ ರೂಢಿಯಾಗಿತ್ತೇ ಹೊರತು ಭಾಷೆಯ ಸಾಮಾನ್ಯ ನಿಯಮವಾಗಿರಲಿಲ್ಲ.

೫. ಎರಡು ಮಂಡಲಿಗಳು

ಫೋರ್ಟ್ರಾನ್ ೯೦ ಎಂಬ ಪ್ರಮಾಣಿತ ರೂಪವು ೧೯೯೧ರಲ್ಲಿ ಅಂತರರಾಷ್ಟ್ರೀಯ ಪ್ರಮಾಣವಾಗಿ ಪ್ರಕಟವಾಯಿತು. ಭಾಷೆಗೆ ಸೂಚಕವು ವಿಧಿಪೂರ್ವಕವಾಗಿ ಬಂದುದು ಅದರಿಂದಲೇ. ಸಿ ಭಾಷೆಯ ಸೂಚಕವು ಕೇವಲ ಒಂದು ವಿಳಾಸ, ಫೋರ್ಟ್ರಾನಿನದು ಹಾಗಲ್ಲ. ಶ್ರೇಣಿಯೊಂದನ್ನು ತೋರಿಸುವ ಫೋರ್ಟ್ರಾನ್ ಸೂಚಕದ ಹಿಂದೆ ಒಂದು ಸಣ್ಣ ವಿವರಪತ್ರವಿರುತ್ತದೆ. ಅದರಲ್ಲಿ ಆರಂಭದ ವಿಳಾಸ, ಮೇಲಿನ ಮತ್ತು ಕೆಳಗಿನ ಮೇರೆಗಳು, ಒಂದು ಅಂಶದಿಂದ ಮುಂದಿನದಕ್ಕೆ ಇರುವ ಅಂತರ ಇವೆಲ್ಲ ಅಡಕವಾಗಿರುತ್ತವೆ. ಉತಾರದಲ್ಲಿ ಸರ್ವೆ ನಂಬರಿನ ಜೊತೆಗೆ ಕ್ಷೇತ್ರವನ್ನೂ ಹಕ್ಕುದಾರನನ್ನೂ ಬರೆದಿರುವಂತೆಯೇ ಇದು.

ಹಂಚಿಕೆಯ ಸ್ಮೃತಿಯ ವಿಧಿಗಳು ಬೇರೊಂದು ದಾರಿಯಿಂದ ಬಂದವು. ಒಂದೊಂದು ಸಂಸ್ಥೆಯ ಯಂತ್ರಕ್ಕೆ ಒಂದೊಂದು ಬಗೆಯ ಆಜ್ಞೆಗಳಿದ್ದ ತೊಡಕನ್ನು ನಿವಾರಿಸಲು ೧೯೯೦ರ ದಶಕದ ಮೊದಲಲ್ಲಿ ಕೆಲವು ಪ್ರಯತ್ನಗಳು ನಡೆದು ಅರ್ಧಕ್ಕೇ ನಿಂತವು. ಕೊನೆಗೆ ೧೯೯೭ರ ಅಕ್ಟೋಬರಿನಲ್ಲಿ ಓಪನ್ ಎಂಪಿ ಎಂಬ ವಿಧಿಸಂಗ್ರಹದ ಮೊದಲನೆಯ ಆವೃತ್ತಿ ಪ್ರಕಟವಾಯಿತು. ಅದು ಮೊದಲು ಬಂದುದು ಫೋರ್ಟ್ರಾನಿಗಾಗಿಯೇ ಎಂಬುದನ್ನು ಗಮನಿಸಬೇಕು. ಸಿ ಭಾಷೆಗಾಗಿ ಬಂದುದು ಮರುವರ್ಷ. ಒಬ್ಬನೇ ಪ್ರವೇಶಿಸತಕ್ಕ ಭಾಗವನ್ನು ಗುರುತಿಸುವ ‘ಕ್ರಿಟಿಕಲ್’, ಒಡೆಯಲಾಗದ ಹೆಜ್ಜೆಯನ್ನು ಸೂಚಿಸುವ ‘ಅಟಾಮಿಕ್’, ಒಂದು ಎಳೆಯು ಬರೆದುದನ್ನು ಉಳಿದವುಗಳಿಗೆ ಕಾಣುವಂತೆ ಮಾಡುವ ‘ಫ್ಲಶ್’ ಎಂಬ ಆಜ್ಞೆಗಳು ಇದರಲ್ಲಿವೆ.

ಇಲ್ಲಿ ಸಂದಿಯು ತೆರೆದುಕೊಂಡಿತು. ಅಟಾಮಿಕ್ ಆಜ್ಞೆಯು ಪೂರ್ಣಾಂಕ, ದಶಮಾಂಶಗಳಂಥ ಬಿಡಿ ಸಂಖ್ಯೆಗಳಿಗಾಗಿ ರೂಪಿತವಾದುದು. ೨೦೧೧ರಲ್ಲಿ ಬಂದ ೩.೧ನೆಯ ಆವೃತ್ತಿಯು ಒಡೆಯದೆ ಓದುವ, ಒಡೆಯದೆ ಬರೆಯುವ, ಬದಲಿಸುತ್ತಲೇ ಬೆಲೆಯನ್ನು ಹಿಡಿದುಕೊಳ್ಳುವ ಬಗೆಗಳನ್ನು ಸೇರಿಸಿದಾಗಲೂ ಸೂಚಕವನ್ನು ಕೂಡಿಸುವ ಕ್ರಿಯೆ ಅದರ ಹೊರಗೇ ಉಳಿಯಿತು. ಇದಕ್ಕೆ ಕಾರಣವಿಲ್ಲದಿಲ್ಲ. ಸಾಮಾನ್ಯ ಪ್ರೊಸೆಸರುಗಳು ಒಂದು ಹೆಜ್ಜೆಯಲ್ಲಿ ಎಂಟು ಬೈಟುಗಳನ್ನು, ವಿಶೇಷ ಆಜ್ಞೆಯಿಂದ ಹೆಚ್ಚೆಂದರೆ ಹದಿನಾರು ಬೈಟುಗಳನ್ನು ಬದಲಿಸಬಲ್ಲವು. ಶ್ರೇಣಿಯ ವಿವರಪತ್ರ ಇದಕ್ಕಿಂತ ದೊಡ್ಡದು. ಫ್ಲಶ್ ಆಜ್ಞೆಯ ವಿಷಯದಲ್ಲಿಯೂ ಇಂಥದೇ ಒಂದು ಸೂಕ್ಷ್ಮವಿದೆ. ಸೂಚಕವೊಂದರ ಹೆಸರು ಹೇಳಿ ಫ್ಲಶ್ ಮಾಡಿದರೆ ಸೂಚಕದ ಸ್ಥಿತಿ ಮಾತ್ರ ಉಳಿದ ಎಳೆಗಳಿಗೆ ಕಾಣುತ್ತದೆ. ಅದು ತೋರಿಸುವ ರಾಶಿಯು ಕಾಣುವುದೆಂಬ ಭರವಸೆಯಿಲ್ಲ ಎಂದು ವಿಧಿಯಲ್ಲಿಯೇ ಹೇಳಿದೆ.

೧೯೯೫ರ ರೂಪದಿಂದ ಬಂದ ಇನ್ನೊಂದು ತೊಡಕನ್ನೂ ಹೇಳಬೇಕು. ಸೂಚಕವನ್ನು ಘೋಷಿಸುವಾಗಲೇ ಅದನ್ನು ‘ನಲ್’ ಅಂದರೆ ಬರಿದೆಂದು ಗುರುತಿಸುವ ಅವಕಾಶವನ್ನು ಫೋರ್ಟ್ರಾನ್ ೯೫ ಕೊಟ್ಟಿತು. ಜಾಗರೂಕರಾದವರು ಉಪವಿಧಿಯೊಳಗೂ ಹಾಗೆ ಬರೆಯತೊಡಗಿದರು. ಆದರೆ ಘೋಷಣೆಯಲ್ಲಿಯೇ ಬೆಲೆ ಪಡೆದ ಹೆಸರು ತಾನಾಗಿ ‘ಸೇವ್’ ಗುಣವನ್ನು ಪಡೆಯುತ್ತದೆಂಬುದು ಭಾಷೆಯ ಹಳೆಯ ನಿಯಮ. ಅಂದರೆ ಅದು ಕರೆಯಿಂದ ಕರೆಗೆ ಉಳಿಯುತ್ತದೆ. ಎಲ್ಲ ಎಳೆಗಳಿಗೂ ಅದೊಂದೇ ಆಗಿರುತ್ತದೆ. ರಕ್ಷಣೆಗೆಂದು ಬರೆದ ಒಂದು ಪದವೇ ಹೀಗೆ ಖಾಸಗಿಯಾದುದನ್ನು ಹಂಚಿಕೆಯದನ್ನಾಗಿ ಮಾಡಿತು. ಎರಡು ಕಾಲದ ಎರಡು ನಿಯಮಗಳು, ಪ್ರತಿಯೊಂದೂ ತನ್ನಷ್ಟಕ್ಕೆ ನಿರ್ದೋಷವಾಗಿದ್ದರೂ, ಕೂಡಿದಾಗ ದೋಷವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು.

೬. ತಪ್ಪಿನ ಸ್ವರೂಪ

ತಪ್ಪು ಹೇಗೆ ನಡೆಯುತ್ತದೆಂಬುದನ್ನು ಒಂದು ಕಲ್ಪಿತ ಪ್ರಸಂಗದಿಂದ ತಿಳಿಯಬಹುದು. ಮಳೆಮಾಪನ ಕೇಂದ್ರಗಳಿಂದ ಬಂದ ಅಂಕಿಗಳನ್ನು ಒಂದು ಪಟ್ಟಿಗೆ ಸೇರಿಸುವ ಪ್ರೋಗ್ರಾಮೊಂದಿದೆಯೆನ್ನೋಣ. ಪಟ್ಟಿಯ ತಲೆಯನ್ನು ಒಂದು ಹಂಚಿಕೆಯ ಸೂಚಕ ತೋರಿಸುತ್ತದೆ. ಒಂದು ಎಳೆಯು ಅಥಣಿಯ ಅಂಕಿಯನ್ನು ತಂದಿತು. ಇನ್ನೊಂದು ರಾಯಬಾಗದ ಅಂಕಿಯನ್ನು ತಂದಿತು. ಎರಡೂ ಒಂದೇ ಕ್ಷಣದಲ್ಲಿ ತಲೆಯನ್ನು ಓದಿದವು; ಎರಡೂ ತಮ್ಮ ಅಂಕಿಯ ಹಿಂದೆ ಹಳೆಯ ಪಟ್ಟಿಯನ್ನು ಕಟ್ಟಿದವು. ಮೊದಲನೆಯದು ತಲೆಯನ್ನು ಅಥಣಿಯ ಕಡೆಗೆ ತಿರುಗಿಸಿತು; ಮರುಕ್ಷಣವೇ ಎರಡನೆಯದು ರಾಯಬಾಗದ ಕಡೆಗೆ ತಿರುಗಿಸಿತು. ಈಗ ಅಥಣಿಗೆ ಹೋಗುವ ದಾರಿಯೇ ಇಲ್ಲ. ಅಂಕಿಯು ಸ್ಮೃತಿಯಲ್ಲಿದ್ದರೂ ಅದನ್ನು ತೋರಿಸುವವರಿಲ್ಲ. ಯಂತ್ರವು ಯಾವ ದೂರನ್ನೂ ಹೇಳುವುದಿಲ್ಲ. ಮೊತ್ತವು ಮಾತ್ರ ಕಡಿಮೆಯಾಗಿ ಬರುತ್ತದೆ.

ಇದು ಕಳೆದುಹೋದ ಬದಲಾವಣೆ. ಹರಿದ ವಿವರಪತ್ರವು ಎರಡನೆಯ ಬಗೆ. ಒಂದು ಎಳೆಯು ಸೂಚಕವನ್ನು ಬದಲಿಸುವ ನಡುವೆ ಇನ್ನೊಂದು ಅದನ್ನು ಓದಿದರೆ ಹೊಸ ವಿಳಾಸದೊಡನೆ ಹಳೆಯ ಮೇರೆಗಳನ್ನು ಕಾಣಬಹುದು. ಒಬ್ಬನ ಸರ್ವೆ ನಂಬರಿಗೆ ಇನ್ನೊಬ್ಬನ ಕ್ಷೇತ್ರವನ್ನು ಬರೆದ ಉತಾರದಂತೆ ಅದು. ಮೂರನೆಯ ಬಗೆಯಲ್ಲಿ ಸೂಚಕವು ಮೊದಲು ಕಂಡು, ಅದು ತೋರಿಸುವ ಅಂಕಿಗಳು ಆಮೇಲೆ ಬಂದು ಸೇರುತ್ತವೆ. ವೇಗಕ್ಕಾಗಿ ಕಂಪೈಲರೂ ಪ್ರೊಸೆಸರೂ ಬರಹದ ಕ್ರಮವನ್ನು ಹಿಂದುಮುಂದು ಮಾಡುವುದರಿಂದ ಹೀಗಾಗುತ್ತದೆ. ನಾಲ್ಕನೆಯದು ಎಲ್ಲಕ್ಕಿಂತ ಕ್ರೂರವಾದುದು. ಒಂದು ಎಳೆಯು ಇನ್ನೂ ಓದುತ್ತಿರುವ ರಾಶಿಯನ್ನು ಇನ್ನೊಂದು ‘ಡೀಅಲೊಕೇಟ್’ ಮಾಡಿ ಯಂತ್ರಕ್ಕೆ ಹಿಂತಿರುಗಿಸಿಬಿಡುತ್ತದೆ. ಓದುವವನ ಕೆಳಗಿನ ನೆಲವನ್ನೇ ಬೇರೆಯವರಿಗೆ ಮಾರಿದಂತಾಗುತ್ತದೆ.

ಇಂಥ ದೋಷಗಳು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ದಶಮಾಂಶ ಸಂಖ್ಯೆಗಳನ್ನು ಕೂಡಿಸುವ ಕ್ರಮ ಬದಲಾದರೆ ಕೊನೆಯ ಅಂಕಿಗಳಲ್ಲಿ ಅಲ್ಪ ವ್ಯತ್ಯಾಸ ಬರುವುದು ಸಹಜ. ಹಲವು ಎಳೆಗಳ ಲೆಕ್ಕದಲ್ಲಿ ಈ ನಿರ್ದೋಷವಾದ ವ್ಯತ್ಯಾಸ ಇದ್ದೇ ಇರುತ್ತದೆ. ಕಳೆದುಹೋದ ಅಂಕಿಯು ಅದರ ಮರೆಯಲ್ಲಿ ಅಡಗಿಕೊಳ್ಳುತ್ತದೆ. ಓಟದಿಂದ ಓಟಕ್ಕೆ ಉತ್ತರ ಬೇರೆಯಾದರೆ ‘ಇದು ಇರುವುದೇ ಹೀಗೆ’ ಎಂದು ಬಿಟ್ಟುಬಿಡುವ ಅಭ್ಯಾಸವಾಗುತ್ತದೆ. ಅಭ್ಯಾಸದ ಬೆಲೆ ಕೆಲವೊಮ್ಮೆ ದೊಡ್ಡದು. ೧೯೮೫ರಿಂದ ೧೯೮೭ರ ವರೆಗೆ ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ಥೆರಾಕ್-೨೫ ಎಂಬ ಚಿಕಿತ್ಸಾಯಂತ್ರವು ಆರು ಮಂದಿ ರೋಗಿಗಳಿಗೆ ಮಿತಿಮೀರಿದ ವಿಕಿರಣವನ್ನು ಕೊಟ್ಟಿತು, ಕೆಲವರು ಮೃತರಾದರು. ಒಟ್ಟಿಗೆ ನಡೆಯುವ ಕೆಲಸಗಳು ಒಂದೇ ಸ್ಮೃತಿಭಾಗವನ್ನು ಕ್ರಮವಿಲ್ಲದೆ ಬಳಸಿದುದು ಆ ದುರಂತಗಳ ಕಾರಣಗಳಲ್ಲೊಂದಾಗಿತ್ತು. ಆ ಯಂತ್ರದ ಪ್ರೋಗ್ರಾಮು ಫೋರ್ಟ್ರಾನಿನದಲ್ಲ. ಆದರೆ ದೋಷದ ಜಾತಿ ಒಂದೇ.

೭. ಬೆಂಗಳೂರಿನ ದಾರಿ

ಕರ್ನಾಟಕದಲ್ಲಿ ಹಲವು ಕೈಗಳ ಗಣನೆಯ ಚರಿತ್ರೆಯು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಆರಂಭವಾಗುತ್ತದೆ. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ ಯು. ಎನ್. ಸಿನ್ಹಾ ಅವರೂ ಅವರ ಸಂಗಡಿಗರೂ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವನ್ನು ಕಟ್ಟಿದರು. ಇಂಟೆಲ್ ೮೦೮೬ ಮತ್ತು ೮೦೮೭ ಚಿಪ್ಪುಗಳಿಂದ ಕೂಡಿದ ಅದರ ಮೊದಲನೆಯ ರೂಪವು ೧೯೮೬ರ ಡಿಸೆಂಬರಿನಲ್ಲಿ ಕೆಲಸಕ್ಕೆ ಸಿದ್ಧವಾಯಿತು. ಭಾರತದಲ್ಲಿ ಹುಟ್ಟಿದ ಮೊದಲನೆಯ ಸಮಾಂತರ ಗಣಕವೆಂಬ ಮನ್ನಣೆ ಅದಕ್ಕೆ ಸಂದಿದೆ.

ಅದೇ ವರ್ಷಗಳಲ್ಲಿ ಭಾರತ ಸರಕಾರವು ಹವಾಮಾನದ ಲೆಕ್ಕಕ್ಕಾಗಿ ಕ್ರೇ ಯಂತ್ರವನ್ನು ಕೊಳ್ಳಲು ಅಮೆರಿಕದೊಡನೆ ಮಾತುಕತೆ ನಡೆಸಿತ್ತು. ಬಯಸಿದುದು ಎರಡು ಪ್ರೊಸೆಸರುಗಳ ಎಕ್ಸ್-ಎಂಪಿ ೨೪. ಕೊನೆಗೆ ದಿಲ್ಲಿಗೆ ಬಂದುದು ಒಂದೇ ಪ್ರೊಸೆಸರಿನ ಎಕ್ಸ್-ಎಂಪಿ ೧೪. ಈ ಸಂಗತಿಯನ್ನು ಸ್ವಾವಲಂಬನೆಯ ಕಥೆಯಾಗಿ ಹೇಳುವುದು ವಾಡಿಕೆ. ನಮ್ಮ ವಿಷಯಕ್ಕೆ ಅದರಲ್ಲಿ ಇನ್ನೊಂದು ಅರ್ಥವೂ ಇದೆ. ಆ ಕ್ರೇ ಯಂತ್ರದ ಮೇಲೆ ದುಡಿದ ನಮ್ಮ ಹವಾಮಾನ ಪ್ರೋಗ್ರಾಮುಗಳಿಗೆ ಒಂದೇ ಸ್ಮೃತಿಯಲ್ಲಿ ಹಲವು ಕೈಗಳು ಆಡುವ ಪ್ರಸಂಗವೇ ಬರಲಿಲ್ಲ. ಬೆಂಗಳೂರಿನವರು ಬಿಡಿ ಪ್ರೊಸೆಸರುಗಳಿಗೆ ಕೆಲಸವನ್ನು ಪಾಲುಮಾಡಿ, ಬೇಕಾದ ಅಂಕಿಗಳನ್ನು ಒಂದರಿಂದ ಒಂದಕ್ಕೆ ಕಳಿಸುವ ಮಾರ್ಗದಲ್ಲಿ ಪಳಗಿದರು. ದಿಲ್ಲಿಯ ಕೇಂದ್ರದ ಟಿ-೮೦ ಎಂಬ ಮುನ್ಸೂಚನೆಯ ಪ್ರೋಗ್ರಾಮನ್ನು ಮುಂದೆ ಫ್ಲೋಸಾಲ್ವರಿನಲ್ಲಿಯೂ ನಡೆಸಿದರು. ತನ್ನ ಪಾಲಿನ ವಹಿಯನ್ನು ತಾನೇ ಬರೆದು, ನೆರೆಯವನಿಗೆ ಪ್ರತಿಯನ್ನು ಕೊಡುವ ಪದ್ಧತಿಯಿದು. ಇದರಲ್ಲಿ ಹಂಚಿಕೆಯ ಸೂಚಕವೇ ಇಲ್ಲದುದರಿಂದ ಅದನ್ನು ಕಾಯುವ ಚಿಂತೆಯೂ ಇಲ್ಲ.

ಆ ಪ್ರೋಗ್ರಾಮನ್ನು ಫೋರ್ಟ್ರಾನ್ ೯೦ಕ್ಕೆ ಹೊಂದಿಸಿ ಮರುರೂಪಿಸಿದ ಬಗ್ಗೆ ರವಿ ನಂಜುಂಡಯ್ಯ ಮತ್ತು ಸಿನ್ಹಾ ಅವರು ೧೯೯೯ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಹಳೆಯ ವೈಜ್ಞಾನಿಕ ಪ್ರೋಗ್ರಾಮುಗಳನ್ನು ಹೊಸ ರಚನಾವಿಧಾನಕ್ಕೆ ತರುವುದೂ ಒಂದು ಸಂಶೋಧನೆಯೆಂಬ ಅರಿವು ಅಲ್ಲಿ ಕಾಣುತ್ತದೆ.

ಆದರೆ ಹಂಚಿಕೆಯನ್ನು ಪೂರ್ತಿ ತೊರೆಯಲು ಕಾಲವು ಬಿಡಲಿಲ್ಲ. ಭಾರತೀಯ ವಿಜ್ಞಾನ ಮಂದಿರದಲ್ಲಿ ೨೦೧೫ರಲ್ಲಿ ಸ್ಥಾಪಿತವಾದ ‘ಸಹಸ್ರ-ಟಿ’ ಯಂತ್ರದ ಮುಖ್ಯ ಭಾಗದಲ್ಲಿ ೧,೩೭೬ ಘಟಕಗಳಿದ್ದವು; ಒಂದೊಂದರಲ್ಲಿ ೨೪ ತಿರುಳುಗಳು ಒಂದೇ ಸ್ಮೃತಿಯನ್ನು ಬಳಸುತ್ತಿದ್ದವು. ಘಟಕದಿಂದ ಘಟಕಕ್ಕೆ ಸಂದೇಶ, ಘಟಕದೊಳಗೆ ಹಂಚಿಕೆ ಎಂಬ ಎರಡು ಪದ್ಧತಿಗಳು ಕೂಡಿಯೇ ನಡೆಯಬೇಕಾಯಿತು.

ಜಗತ್ತಿನ ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ‘ವರ್ಫ್’ ಎಂಬ ಹವಾಮಾನ ಪ್ರೋಗ್ರಾಮಿನ ರಚನೆಯಲ್ಲಿ ಇದಕ್ಕೆ ಒಂದು ಚೊಕ್ಕಟ ಉತ್ತರವಿದೆ. ಅದರಲ್ಲಿ ಭೂಭಾಗದ ಎಲ್ಲ ಅಂಕಿಗಳನ್ನೂ ಸೂಚಕಗಳಿಂದ ಕೂಡಿದ ಒಂದು ದೊಡ್ಡ ರಚನೆ ಹಿಡಿದಿರುತ್ತದೆ. ಆದರೆ ಗಾಳಿಮಳೆಗಳ ಲೆಕ್ಕ ಮಾಡುವ ಒಳಗಿನ ಉಪವಿಧಿಗಳಿಗೆ ಸೂಚಕವನ್ನು ಕಾಣಿಸುವುದಿಲ್ಲ. ನಡುವಿನ ಪದರವೊಂದು ಸೂಚಕಗಳನ್ನು ಬಿಚ್ಚಿ, ಪ್ರತಿ ಎಳೆಗೂ ಅದರ ಪಾಲಿನ ತುಂಡನ್ನು ಸಾದಾ ಶ್ರೇಣಿಯಾಗಿ ಒಪ್ಪಿಸುತ್ತದೆ. ಸೂಚಕವು ಬಾಗಿಲಲ್ಲಿ ನಿಲ್ಲುತ್ತದೆ. ಒಳಗೆ ದುಡಿಯುವವರು ತಮ್ಮ ತಮ್ಮ ಪಟ್ಟಿಯನ್ನು ಮಾತ್ರ ಬಲ್ಲರು.

೮. ಸುರಕ್ಷಿತವಾದ ಕ್ರಮಗಳು

ಮೇಲಿನ ಚರಿತ್ರೆಯಿಂದ ವಿದ್ಯಾರ್ಥಿಗಳಿಗೆ ಉಪಯುಕ್ತವಾದ ಕೆಲವು ನಿಯಮಗಳನ್ನು ಎತ್ತಿ ಹೇಳಬಹುದು.

ಮೊದಲನೆಯದಾಗಿ, ಹಂಚಿಕೆಯನ್ನು ತಪ್ಪಿಸಲು ಸಾಧ್ಯವಿದ್ದಲ್ಲಿ ತಪ್ಪಿಸಬೇಕು. ಪ್ರತಿ ಎಳೆಯೂ ತನ್ನದೇ ಪಟ್ಟಿಯನ್ನು ಕಟ್ಟಲಿ. ಕೊನೆಗೆ ಒಂದೇ ಎಳೆ ಅವನ್ನು ಜೋಡಿಸಲಿ. ಸೂಚಕಕ್ಕೆ ಬದಲು ‘ಅಲೊಕೇಟಬಲ್’ ಶ್ರೇಣಿಯನ್ನು ಬಳಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ಅದಕ್ಕೆ ಒಬ್ಬನೇ ಒಡೆಯ. ಸೂಚಕವನ್ನು ‘ಪ್ರೈವೇಟ್’ ಅಥವಾ ‘ಫಸ್ಟ್‌ಪ್ರೈವೇಟ್’ ಎಂದು ಸಾರಿದ ಮಾತ್ರಕ್ಕೆ ಅದು ತೋರಿಸುವ ರಾಶಿಯು ಖಾಸಗಿಯಾಗುವುದಿಲ್ಲವೆಂಬುದನ್ನು ಮರೆಯಬಾರದು. ಉತಾರದ ನಕಲು ಎರಡಾದರೆ ಹೊಲ ಎರಡಾಗುವುದಿಲ್ಲ.

ಎರಡನೆಯದಾಗಿ, ಹಂಚಿಕೆ ಅನಿವಾರ್ಯವಾದಲ್ಲಿ ಹೊಸ ರಾಶಿಯನ್ನು ಖಾಸಗಿಯಾಗಿ ಪೂರ್ತಿ ತುಂಬಿ, ಆಮೇಲೆ ಹೆಸರುಳ್ಳ ಕ್ರಿಟಿಕಲ್ ಭಾಗದೊಳಗೆ ಅಥವಾ ಬೀಗದ ಕೆಳಗೆ ಸೂಚಕವನ್ನು ತಿರುಗಿಸಬೇಕು. ಹೆಸರಿಲ್ಲದ ಕ್ರಿಟಿಕಲ್ ಭಾಗಗಳೆಲ್ಲವೂ ಒಂದೇ ಬೀಗವನ್ನು ಹಂಚಿಕೊಳ್ಳುವುದರಿಂದ ಸಂಬಂಧವಿಲ್ಲದ ಕೆಲಸಗಳೂ ಒಂದಕ್ಕಾಗಿ ಒಂದು ಕಾಯುತ್ತವೆ, ಆದುದರಿಂದ ಹೆಸರಿಡಬೇಕು. ಬರೆಯುವವನು ಮಾತ್ರ ಬೀಗ ಹಾಕಿದರೆ ಸಾಲದು, ಓದುವವನೂ ಅದೇ ಬೀಗದ ಕೆಳಗೆ ಸೂಚಕವನ್ನು ಓದಿಕೊಳ್ಳಬೇಕು. ಎಷ್ಟೋ ಪ್ರೋಗ್ರಾಮುಗಳು ತಪ್ಪುವುದು ಇಲ್ಲಿಯೇ. ಫೋರ್ಟ್ರಾನ್ ೨೦೦೩ರ ‘ಮೂವ್ ಅಲಾಕ್’ ಉಪವಿಧಿಯಿಂದ ರಾಶಿಯನ್ನು ನಕಲು ಮಾಡದೆ ಒಂದು ಹೆಸರಿನಿಂದ ಇನ್ನೊಂದಕ್ಕೆ ವರ್ಗಾಯಿಸಬಹುದು; ಆದರೆ ಅದೂ ಒಡೆಯಲಾಗದ ಹೆಜ್ಜೆಯೇನಲ್ಲ, ಅದಕ್ಕೂ ಬೀಗ ಬೇಕು.

ಮೂರನೆಯದಾಗಿ, ಹಳೆಯ ರಾಶಿಯನ್ನು ಕೂಡಲೇ ಹಿಂತಿರುಗಿಸಬಾರದು. ಎಲ್ಲ ಎಳೆಗಳೂ ಒಂದು ‘ಬ್ಯಾರಿಯರ್’, ಅಂದರೆ ಎಲ್ಲರೂ ಬಂದು ನಿಂತು ಮುಂದುವರಿಯತಕ್ಕ ಕಟ್ಟೆಯನ್ನು ದಾಟಿದ ಮೇಲೆ ಹಳೆಯದನ್ನು ಯಾರೂ ಓದುತ್ತಿಲ್ಲವೆಂದು ಖಚಿತವಾಗುತ್ತದೆ. ಆಗ ಒಂದೇ ಎಳೆ ಅದನ್ನು ಬಿಡುಗಡೆ ಮಾಡಲಿ. ಓದುಗರು ಮುಗಿಸುವವರೆಗೆ ಹಳೆಯದನ್ನು ಉಳಿಸಿಕೊಳ್ಳುವ ಈ ತತ್ತ್ವವನ್ನು ಪಾಲ್ ಮೆಕೆನ್ನಿ ಮತ್ತು ಜಾನ್ ಸ್ಲಿಂಗ್‌ವೈನ್ ೧೯೯೮ರಲ್ಲಿ ವಿವರವಾಗಿ ನಿರೂಪಿಸಿದರು. ೨೦೦೨ರಲ್ಲಿ ಅದು ಲಿನಕ್ಸ್ ವ್ಯವಸ್ಥೆಯ ತಿರುಳಿಗೂ ಸೇರಿತು.

ನಾಲ್ಕನೆಯದು ನಾವು ಮೊದಲಲ್ಲಿ ಸೂಚಿಸಿದ ಹಳೆಯ ರೂಢಿ. ಸೂಚಕವನ್ನು ಒಡೆಯದೆ ಬದಲಿಸಲಾಗದಿದ್ದರೆ ಪೂರ್ಣಾಂಕವನ್ನು ಬದಲಿಸಬಹುದಷ್ಟೆ. ಅಂಶಗಳನ್ನೆಲ್ಲ ಒಂದು ಶ್ರೇಣಿಯಲ್ಲಿಟ್ಟು, ಮುಂದಿನ ಬರಿದಾದ ಮನೆಯ ಕ್ರಮಾಂಕವನ್ನು ಒಂದು ಹಂಚಿಕೆಯ ಪೂರ್ಣಾಂಕದಲ್ಲಿಡೋಣ. ೨೦೧೧ರಿಂದ ಲಭ್ಯವಾದ ‘ಅಟಾಮಿಕ್ ಕ್ಯಾಪ್ಚರ್’ ಆಜ್ಞೆಯಿಂದ ಪ್ರತಿ ಎಳೆಯೂ ಅದನ್ನು ಒಂದರಷ್ಟು ಹೆಚ್ಚಿಸುತ್ತಲೇ ತನ್ನ ಪಾಲಿನ ಕ್ರಮಾಂಕವನ್ನು ಪಡೆಯಬಹುದು. ಇಬ್ಬರಿಗೆ ಒಂದೇ ಕ್ರಮಾಂಕ ಬರುವುದು ಅಸಾಧ್ಯ. ಅಥಣಿಗೊಂದು ಮನೆ, ರಾಯಬಾಗಕ್ಕೊಂದು ಮನೆ. ಕಳೆಯುವುದಕ್ಕೆ ದಾರಿಯೇ ಇಲ್ಲ. ಅಂಕಿಗಳನ್ನು ಓದುವುದು ಮಾತ್ರ ಎಲ್ಲರೂ ಕಟ್ಟೆಯನ್ನು ದಾಟಿದ ಮೇಲೆ. ಫೋರ್ಟ್ರಾನ್ ಭಾಷೆಯು ೨೦೦೮ ಮತ್ತು ೨೦೧೮ರ ರೂಪಗಳಲ್ಲಿ ತಾನೇ ಒಡೆಯಲಾಗದ ಕ್ರಿಯೆಗಳನ್ನು ಸೇರಿಸಿಕೊಂಡಾಗಲೂ ಅವನ್ನು ಪೂರ್ಣಾಂಕ ಮತ್ತು ತಾರ್ಕಿಕ ಬೆಲೆಗಳಿಗಷ್ಟೇ ಸೀಮಿತಗೊಳಿಸಿತೆಂಬುದು ಅರ್ಥಪೂರ್ಣವಾಗಿದೆ. ಬಡತನದ ಉಪಾಯವೆಂದು ಎಣಿಸಿದ ಕ್ರಮಾಂಕದ ಪಟ್ಟಿಯೇ ಹಲವು ಕೈಗಳ ಕಾಲದಲ್ಲಿ ಭದ್ರವಾದ ಉಪಾಯವಾಗಿ ಮರಳಿತು.

೯. ಉಪಸಂಹಾರ

ಈ ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಹಂಚಿಕೆಯ ಸೂಚಕದ ಅಪಾಯವು ಯಾವನೊಬ್ಬನ ಅಜಾಗರೂಕತೆಯಿಂದ ಹುಟ್ಟಿದುದಲ್ಲ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಮಂಡಲಿಗಳು ಮಾಡಿದ ಯುಕ್ತವಾದ ನಿರ್ಣಯಗಳು ಒಂದೆಡೆ ಕೂಡಿದಾಗ ಉಂಟಾದ ಸಂದಿಯದು. ಆದುದರಿಂದ ಭಾಷೆಯ ವ್ಯಾಕರಣವನ್ನು ಕಲಿತರೆ ಸಾಲದು. ಅದರ ಯಾವ ಭಾಗ ಯಾವಾಗ ಬಂದಿತೆಂಬುದನ್ನೂ ತಿಳಿದಿರಬೇಕು. ನಮ್ಮ ಕಾಲೇಜುಗಳಲ್ಲಿ ಗಣಕವಿಜ್ಞಾನವನ್ನು ಕಲಿಸುವವರು ಚರಿತ್ರೆಯನ್ನು ಅಲಂಕಾರವೆಂದು ಬಗೆಯದಿರಲಿ ಎಂದು ಹೇಳುವುದಕ್ಕೆ ಇಷ್ಟು ಸಾಕು.

ಎರಡನೆಯದಾಗಿ, ಪರಿಹಾರದ ತತ್ತ್ವಗಳು ಹೊಸವಲ್ಲ. ಬೇರೆಡೆ ಸಿದ್ಧಪಡಿಸು, ಒಂದೇ ಕೈಯಿಂದ ಜಾರಿಗೆ ತಾ, ಹಳೆಯದನ್ನು ಆತುರದಿಂದ ಅಳಿಸಬೇಡ ಎಂಬ ಮೂರೂ ಚಾವಡಿಯ ವಹಿಗಳಲ್ಲಿ ಮೊದಲೇ ಇದ್ದವು. ಬೆಂಗಳೂರಿನಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನು ಇರಿಸಿ ಅಂಕಿಗಳನ್ನು ತರಿಸಿಕೊಳ್ಳುತ್ತದೆ. ಇಂಥ ಅಂಕಿಗಳು ಯಾವ ಗಣಕವನ್ನು ಸೇರಿದರೂ ಅಲ್ಲಿ ಒಂದನ್ನೂ ಕಳೆಯದೆ ಲೆಕ್ಕಕ್ಕೆ ತರುವ ಹೊಣೆ ಪ್ರೋಗ್ರಾಮು ಬರೆಯುವವನದು. ನದಿಯ ದಂಡೆಯಲ್ಲಿ ಕುಳಿತು ಮುನ್ಸೂಚನೆಯನ್ನು ಕೇಳುವವನಿಗೆ ಸೂಚಕವೆಂದರೇನೆಂದು ಗೊತ್ತಿರಬೇಕಾಗಿಲ್ಲ. ಅದನ್ನು ಬಲ್ಲವರು ಅವನ ಪರವಾಗಿ ಎಚ್ಚರದಿಂದಿರಬೇಕು.